ಹೋಲಿಸಿ ನೋಡಲು ಹೋದ ಅತ್ತೆ

"ಮೂರು ವರ್ಷ! ಮೂರು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ!"

ತಮ್ಮ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಅತ್ತೆ ಕತ್ತರಿ ಕುಕ್ಕಿದ ರಭಸಕ್ಕೆ ಗುಂಡಿಗಳ ಡಬ್ಬಿ ಉರುಳಿಬಿತ್ತು. ಅವರ ಕೈಯಲ್ಲಿದ್ದದ್ದು ಸೊಸೆಗೆ ಆಸ್ಪತ್ರೆಯಿಂದ ಬಂದ ಪತ್ರ. ಬೈಪೋಲಾರ್ ಎಂಬ ಮಾನಸಿಕ ಕಾಯಿಲೆಯವರ ಮಕ್ಕಳ ಮೆದುಳನ್ನು ಸ್ಕ್ಯಾನ್ ಮಾಡಿ, ಕಾಯಿಲೆ ವಂಶದಲ್ಲಿ ಹೇಗೆ ಇಳಿಯುತ್ತದೆಂದು ತಿಳಿಯುವ ಅಧ್ಯಯನವಂತೆ. ನಿಮ್ಮ ತಂದೆಯವರು ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಚಿಕಿತ್ಸೆ ಪಡೆಯುತ್ತಿದ್ದಾರೆ, ನೀವೂ ಬರುವಿರಾ ಎಂದು ಕೇಳಿದ್ದರು. ಮದುವೆಗೆ ಮುಂಚೆಯೇ ಸೊಸೆ ಇದನ್ನು ಗಂಡನಿಗೆ ಹೇಳಿದ್ದಳು. ಅಮ್ಮನಿಗೆ ತಾನೇ ಹೇಳುವೆನೆಂದ ಆ ಮಹಾನುಭಾವ ಈವರೆಗೂ ಬಾಯಿ ಬಿಟ್ಟಿರಲಿಲ್ಲ! ಈಗಲೂ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತೆ ಇಬ್ಬರ ನಡುವೆ ನಿಂತು, ಅಳತೆಯ ಟೇಪನ್ನು ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

"ಅಪ್ಪ ಮಾತ್ರೆ ತಗೊಂಡು ಚೆನ್ನಾಗೇ ಇದಾರೆ ಅತ್ತೆ..."

"ನಾಳೆ ಮಗು ಅಂತ ಒಂದಾದ್ರೆ? ಅದಕ್ಕೂ ಬಂದ್ರೆ? ನಡಿ, ಆ ಮಷೀನಿಗೆ ತಲೆ ಕೊಡು. ನನ್ನ ಮಗನ್ನೂ ಕರ್ಕೊಂಡು ಬರ್ತೀನಿ. ಅವನ ತಲೆ ಪಕ್ಕ ನಿನ್ನ ತಲೆ ಇಟ್ಟು ನೋಡ್ಲಿ. ನಿಂದ್ರಲ್ಲಿ ಏನಾದ್ರೂ ಕಂಡ್ರೆ, ಅಲ್ಲಿಂದ ಹಾಗೇ ಅಪ್ಪನ ಮನೆಗೆ ಹೊರಡು!"

ಎರಡು ಬಟ್ಟೆಗಳನ್ನು ಪಕ್ಕಪಕ್ಕ ಬೆಳಕಿಗೆ ಹಿಡಿದು, ಬಣ್ಣ ಕೂಡುತ್ತದೋ ಇಲ್ಲವೋ ಎಂದು ಹೇಳಿಯೇ ಮೂವತ್ತು ವರ್ಷ ಬದುಕಿದವರು ಅತ್ತೆ. ಮೆದುಳೂ ಹಾಗೇ ಎಂದುಕೊಂಡಿದ್ದರು. ಸೊಸೆಗೋ ಎದೆಯೇ ಒಡೆದಂತಾಗಿತ್ತು. ಒಂದು ಚಿತ್ರದಿಂದ ತನ್ನ ಸಂಸಾರವೇ ಮುರಿಯುವುದಾದರೆ...!

ಆಸ್ಪತ್ರೆಯ ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟರು. "ಚಿತ್ರ ನೋಡಿ ಇವರಿಗೆ ಬರತ್ತೆ, ಇವರಿಗೆ ಬರಲ್ಲ ಅಂತ ಹೇಳೋಕಾಗಲ್ಲಮ್ಮ. ನೂರಾರು ಜನರದ್ದು ಸೇರಿಸಿ ನೋಡಿದ್ರೆ ಸಣ್ಣ ವ್ಯತ್ಯಾಸ ಸಿಗಬಹುದು, ಅಷ್ಟೆ. ಕಾಯಿಲೆಯವರ ಮಕ್ಕಳಿಗೆ ಅಪಾಯ ಬೇರೆಯವರಿಗಿಂತ ಜಾಸ್ತಿ, ನಿಜ. ಆದ್ರೆ ಹೆಚ್ಚಿನವರಿಗೆ ಬರೋದೇ ಇಲ್ಲ."

"ಅಷ್ಟು ಹೇಳೋಕೆ ಇಷ್ಟು ದೊಡ್ಡ ಮಷೀನಾ?" ಎಂದು ಅತ್ತೆ ಮೂಗು ಮುರಿದರು. ಹೋಲಿಕೆಗೆ ಕಾಯಿಲೆಯ ಹಿನ್ನೆಲೆ ಇಲ್ಲದವರೂ ಬೇಕು ಎಂದಾಗ ಮಾತ್ರ ಅವರ ಮುಖ ಅರಳಿತು. ಮಗನನ್ನು ಮುಂದೆ ತಳ್ಳಿದರು. ಡಾಕ್ಟರು ಕೇಳಿದ್ದಕ್ಕೆಲ್ಲ ಅವನು ಬಾಯಿ ತೆರೆಯುವ ಮುನ್ನ ತಾವೇ ಉತ್ತರ ಕೊಡತೊಡಗಿದರು.

"ಮನೆತನದಲ್ಲಿ ಯಾರಾದ್ರೂ ದಿನಗಟ್ಟಲೆ ನಿದ್ದೆ ಮಾಡದೆ, ಸುಸ್ತೂ ಇಲ್ದೆ, ಒಂದೇ ಸಮ ಮಾತಾಡ್ತಾ, ಇದ್ದಿದ್ದೆಲ್ಲ ಕೊಟ್ಟುಬಿಟ್ಟು... ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದೆ?"

"ಇಲ್ಲ, ಇಲ್ಲ... ಇ..."

ಅತ್ತೆಯ ಮಾತು ಅಲ್ಲೇ ನಿಂತಿತು.

"ನನ್ನ ತಮ್ಮ..." ಎಂದರು. "ಗಿರಾಕಿಗಳ ಬಟ್ಟೆಯೆಲ್ಲ ಕತ್ತರಿಸಿ ಮಕ್ಕಳ ಅಂಗಿ ಹೊಲಿದ. ಎಪ್ಪತ್ತು ಅಂಗಿ! ಬೀದೀಲಿ ಕಂಡ ಮಕ್ಕಳಿಗೆಲ್ಲ ಹಂಚಿದ. ಕೊಬ್ಬು ಅಂದ್ವಿ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ. ಸೋಮಾರಿ ಅಂದ್ವಿ... ನಾನೇ ಅಂದೆ! ಒಂದು ಬೆಳಿಗ್ಗೆ ಹೊಳೆ ಕಡೆ ಹೋದವನು ಬರಲೇ ಇಲ್ಲ ಡಾಕ್ಟರಮ್ಮ..."

ಮಗ ಬೆರಗಾಗಿ ನೋಡಿದ. ಸೋದರಮಾವ ಕಾಲು ಜಾರಿ ಹೊಳೆಗೆ ಬಿದ್ದರೆಂದೇ ಅವನು ನಂಬಿದ್ದ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಸೊಸೆಯ ಕಾಲ ಬಂದೇಬಿಟ್ಟಿತ್ತು. 'ಈಗ ಯಾರನ್ನ ಯಾರ ಮನೆಗೆ ಕಳಿಸೋಣ ಅತ್ತೆ?' ಎಂಬ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅಷ್ಟರಲ್ಲಿ ಅವಳಿಗೆ ತನ್ನ ಅಮ್ಮ ನೆನಪಾದಳು. ಅಪ್ಪನೂ ಹೀಗೇ ಗೋಡೆಗೆ ಮುಖ ಮಾಡಿ ಮಲಗಿದ್ದ. ನೆಂಟರೆಲ್ಲ ಆಡಿಕೊಂಡರೂ ಅಮ್ಮ ಅವನ ಕೈ ಹಿಡಿದೆಬ್ಬಿಸಿ ಈ ಆಸ್ಪತ್ರೆಗೇ ಕರೆತಂದಿದ್ದಳು. ಆ ಕೈಯೊಂದು ಇಲ್ಲದಿದ್ದರೆ! ಅಮ್ಮಾ, ನಿನ್ನ ಋಣ ಯಾವ ಜನ್ಮಕ್ಕೆ ತೀರಿಸಲಿ ಎಂದು ಮನಸ್ಸಿನಲ್ಲೇ ಅತ್ತಳು. ಬಂದ ಮಾತನ್ನು ನುಂಗಿ ಅತ್ತೆಯ ಕೈ ಹಿಡಿದುಕೊಂಡಳು.

"ನಿಮಗೆ ಗೊತ್ತಿರಲಿಲ್ಲ ಅತ್ತೆ. ಆಗ ಯಾರು ಹೇಳೋರಿದ್ರು?"

ಅತ್ತೆ ಕಣ್ಣೊರೆಸಿಕೊಂಡರು. "ಬರ್ಕೊಳ್ಳಿ ಡಾಕ್ಟರಮ್ಮ. ಎಲ್ಲಾ ಬರ್ಕೊಳ್ಳಿ. ನನ್ನ ಮಗ ನಿಮ್ಮ ಹೋಲಿಕೆಗೆ ಆಗಲ್ಲ."

ಅರ್ಧ ಗಂಟೆ ಆ ಯಂತ್ರದ ಗಡಗಡ ಸದ್ದಿನೊಳಗೆ ಮಲಗಿ ಸೊಸೆ ಹೊರಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಚಿತ್ರದಲ್ಲಿ ಏನು ಕಂಡಿತೆಂದು ಅವರು ಕೇಳಲಿಲ್ಲ.

"ನಿಮ್ಮಪ್ಪ ಮಾತ್ರೆ ತಪ್ಪಿಸಲ್ವಾ?"

"ಒಂದು ದಿನಾನೂ ಇಲ್ಲ ಅತ್ತೆ."

"ನಾಳೆ ನಿಮ್ಮಮ್ಮನ್ನೂ ಅವರನ್ನೂ ಮನೆಗೆ ಕರಿ." ಅತ್ತೆ ಸೊಸೆಯ ಕೈ ಹಿಡಿದುಕೊಂಡರು. "ಆ ಕಾಯಿಲೆಯವರು ತಲೆ ನರೆತ ಮೇಲೆ ಹೇಗಿರ್ತಾರೆ ಅಂತ ನಾನು ಒಂದ್ಸಲ ಕಣ್ತುಂಬ ನೋಡ್ಬೇಕು ಕಣೆ... ನನ್ನ ತಮ್ಮಂಗೆ ಇಪ್ಪತ್ತನಾಲ್ಕೇ ವರ್ಷ."