ಕೊಳಕ್ಕೆಷ್ಟು ನೀರು

"ಇವತ್ತು ಐದೂವರೆ ಸಾವಿರ ಲೀಟರ್ ಬರ್ತಿದೆ! ಮೊನ್ನೆ ಐದು ಇತ್ತಲ್ರೀ?"

ಪಂಪ್ ಅಂಗಡಿಯವನು ತಲೆ ಕೆರೆದುಕೊಂಡ. ಎದುರು ದಡದಲ್ಲಿ ಕೋಲು ಹಿಡಿದು ನಿಂತಿದ್ದ ನಾನು ಏನೂ ಅರಿಯದವಳಂತೆ ಕಣ್ಣರಳಿಸಿದೆ.

ನಮ್ಮ ಹಿತ್ತಲ ಕೊಳಕ್ಕೆ ಹೊಸ ಪಂಪ್ ಬೇಕಿತ್ತು. ನೀರೆಷ್ಟಿದೆ ಎಂದು ತಿಳಿಯದೆ ಪಂಪ್ ಆರಿಸುವಂತಿರಲಿಲ್ಲ. ಪಂಪ್ ಕೂತರೆ ಅವನ ಕೆಲಸ ಮುಗಿಯಿತು. ಆಮೇಲೆ ಅವನ್ಯಾರೋ, ನಾನ್ಯಾರೋ. ಅದಕ್ಕೇ ಆಳ ನೋಡುವಾಗ ಕೋಲನ್ನು ಬೇಕಂತಲೇ ಓರೆಯಾಗಿ ಇಳಿಸುತ್ತಿದ್ದೆ. ಕೋಲು ಹೆಚ್ಚು ಒದ್ದೆಯಾಗುತ್ತಿತ್ತು, ಲೆಕ್ಕ ತಪ್ಪುತ್ತಿತ್ತು, ಅವನು ಮತ್ತೆ ಬರುತ್ತಿದ್ದ.

ಅವನು ಬಾರದ ದಿನ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗೇಟು ಸದ್ದಾದರೆ ಸಾಕು, ಓಡುತ್ತಿದ್ದೆ. ಹಾಲಿನವನನ್ನು ಕಂಡು ಸುಮ್ಮಸುಮ್ಮನೆ ಸಿಡುಕುತ್ತಿದ್ದೆ.

"ಕೊಳದ ಆಕಾರ ಸೊಟ್ಟಗಿದೆಯಲ್ಲ, ಅದಕ್ಕೇ ಇರ್ಬೇಕು," ಎಂದೆ.

"ಆಕಾರ ಮಾತ್ರಾನಾ?"

ಟೇಪು ಬಿಚ್ಚುತ್ತಾ ನನ್ನನ್ನೇ ನೋಡಿದ. ಹುಬ್ಬು ಮೇಲೇರಿತ್ತು, ತುಟಿಯಂಚಿನಲ್ಲಿ ನಗು ಬಂದೂ ಬಾರದಂತಿತ್ತು. ನನ್ನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಅಜ್ಜಿ ಬಟ್ಟೆ ಒಣಹಾಕಲು ಬಂದಳು.

"ಇನ್ನೂ ಅಳೀತಿದೀರಾ? ಲೇ ಹುಡುಗಿ, ಹೋದ ತಿಂಗಳು ಕೊಳ ತೊಳೆಸಿ ನೀರು ತುಂಬಿಸಿದ್ದು ನೀನೇ ಅಲ್ವೇನೇ? ಒಂದು ಟ್ಯಾಂಕರ್, ನಾಲ್ಕು ಸಾವಿರ ಲೀಟರ್. ದಡದ ತನಕ ಬಂದಿತ್ತಲ್ಲ!"

ನನ್ನ ಬಣ್ಣ ಬಯಲಾಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಜ್ಜಿ ಮಾತ್ರ ಬಟ್ಟೆ ಹರವಿ, ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಅವನು ಟೇಪು ಸುತ್ತತೊಡಗಿದ. ಇನ್ನು ಸುಮ್ಮನಿದ್ದರೆ ಕೆಟ್ಟೆ.

"ಹೌದು, ಗೊತ್ತಿತ್ತು. ಹೇಳಿದ್ರೆ ನೀವು ಬರೋದು ನಿಂತುಹೋಗತ್ತೆ ಅಂತ ಬಾಯಿ ಬಿಡ್ಲಿಲ್ಲ. ನೀವು ಬರ್ಬೇಕು ನನಗೆ, ಅಷ್ಟೇ!"

"ಕೋಲು ಓರೆ ಹಿಡಿದಿದ್ದು ನಾನು ಮೊದಲನೇ ದಿನಾನೇ ನೋಡಿದೆ."

"ನೋಡಿದ್ರಾ? ಮತ್ತೆ ಹೇಳೋದಲ್ವಾ?"

"ಹೇಳಿದ್ರೆ ನೇರ ಹಿಡೀತಿದ್ರಿ."

ನಗುವೂ ಅಳುವೂ ಒಟ್ಟಿಗೆ ಬಂದವು. ಇಷ್ಟು ದಿನ ನಾನೊಬ್ಬಳೇ ಚಡಪಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವನೂ ಸುತ್ತಿದ ಟೇಪನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

"ನಾಳೆ ಪಂಪ್ ತಂದು ಕೂರಿಸ್ತೀನಿ," ಎಂದ. ಆಮೇಲೆ ನೆಲ ನೋಡುತ್ತಾ, "ನಾಡಿದ್ದು... ಕೆಲಸ ಇಲ್ದೇನೇ ಬರ್ಲಾ?"

"ಬೆಳಿಗ್ಗೇನೇ ಬನ್ನಿ," ಎಂದೆ.