ಬಿಸಿಗಾಳಿಯ ಮನೆಯಲ್ಲಿ ಅಂದ ಹೌದು

ನೆವಿಲ್‌ಗೆ ನಾನು ಹೌದು ಅಂದದ್ದು ಭಾನುವಾರ. ಆ ಹೌದು ನನ್ನದೋ ಗ್ಯಾಸಿನದೋ ಎಂಬ ಅನುಮಾನ ಹುಟ್ಟಿದ್ದು ಬುಧವಾರ. ನಡುವಿನ ದಿನಗಳಲ್ಲಿ ಇಡೀ ಹಾರ್ಲೋ ಊರಿನಲ್ಲಿ ನನ್ನಷ್ಟು ಸುಖಿ ಹೆಂಗಸು ಇರಲಿಲ್ಲ. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಳ್ಳುತ್ತೇನೆ.

ಆ ಭಾನುವಾರ ಹೊರಗೆ ಫೆಬ್ರವರಿಯ ಕೊರೆಯುವ ಚಳಿ. ಒಳಗೆ ಕಿಟಕಿಗಳೆಲ್ಲ ಭದ್ರ, ನೆಲದ ಜಾಲರಿಗಳಿಂದ ಬಿಸಿಗಾಳಿ ಗುಂಯ್ ಎಂದು ಬರುತ್ತಿತ್ತು. ನಮ್ಮ ಸಾಲಿನ ಮನೆಗಳನ್ನು ಕೌನ್ಸಿಲ್‌ನವರು ಕಟ್ಟಿದಾಗಲೇ ಪ್ರತಿ ಮನೆಯ ನಟ್ಟನಡುವೆ ಒಂದು ಬೀರು, ಅದರೊಳಗೆ ಗ್ಯಾಸಿನ ಯಂತ್ರ, ಅಲ್ಲಿಂದ ಕೋಣೆ ಕೋಣೆಗೂ ತಗಡಿನ ಕೊಳವೆ ಇಟ್ಟಿದ್ದರು. ಬೇರೆಯವರೆಲ್ಲ ಒಬ್ಬೊಬ್ಬರಾಗಿ ಅದನ್ನು ಕೀಳಿಸಿ ಗೋಡೆಗೆ ಬಿಸಿನೀರು ಹರಿಯುವ ರೇಡಿಯೇಟರ್ ಹಾಕಿಸಿಕೊಂಡರು. ನಾನು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ದಿನವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು ಬಂದು, ಶೂ ಕಳಚಿ ಜಾಲರಿಯ ಮೇಲೆ ನಿಂತರೆ ಸ್ಕರ್ಟಿನೊಳಗೆ ಬೆಚ್ಚನೆಯ ಗಾಳಿ ತುಂಬಿಕೊಳ್ಳುವ ಸುಖ ಆ ಕಬ್ಬಿಣದ ಹಲಗೆಗಳಲ್ಲಿ ಎಲ್ಲಿ ಬರಬೇಕು?

ನೆವಿಲ್ ಇದೇ ಸಾಲಿನ ಕೊನೆಯ ಮನೆಯವನು, ಹುಟ್ಟಿ ಬೆಳೆದದ್ದೂ ಅಲ್ಲೇ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟದ ಕ್ಲಬ್ಬಿನಲ್ಲಿ ಹುಲ್ಲುಹಾಸು ನೋಡಿಕೊಳ್ಳುತ್ತಾನೆ. ಮದುವೆಯಾಗಿರಲಿಲ್ಲ. ನನ್ನ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಶರತ್ಕಾಲದಲ್ಲಿ ಒಮ್ಮೆ ನನ್ನ ಬೇಲಿ ಕತ್ತರಿಸಿಕೊಟ್ಟ, ನಾನು ಊಟಕ್ಕೆ ಕರೆದೆ, ಆಮೇಲೆ ಪ್ರತಿ ಭಾನುವಾರ ಬರತೊಡಗಿದ. ಅವನು ಬರುತ್ತಾನೆಂದು ನಾನು ಬೆಳಗಿನಿಂದಲೇ ಯಂತ್ರದ ಗುಂಡಿಯನ್ನು ಪೂರಾ ತಿರುಗಿಸಿಡುತ್ತಿದ್ದೆ. ಚಳಿಯಲ್ಲಿ ಹೊರಗೆ ದುಡಿಯುವ ಜೀವ, ಒಂದು ದಿನವಾದರೂ ಬೆಚ್ಚಗಿರಲಿ ಎಂದು.

ಆ ಭಾನುವಾರ ಅವನು ಶುಂಠಿ ಕೇಕಿನ ಎರಡನೇ ತುಂಡು ಬೇಡವೆಂದ. ತಟ್ಟೆಯಲ್ಲಿದ್ದ ಪುಡಿಯನ್ನು ಬೆರಳಿನಿಂದ ಒಂದೆಡೆ ಸೇರಿಸಿದ. ತಲೆಯೆತ್ತಿ ನನ್ನನ್ನು ನೋಡಿದ, ಗಾಬರಿಯಾಗಿ ಚಹಾದ ಜಗ್ಗಿನ ಕಡೆ ತಿರುಗಿದ, ಜಗ್ಗು ಏನೂ ನೆರವಿಗೆ ಬಾರದಿದ್ದಾಗ ಮತ್ತೆ ನನ್ನ ಕಡೆ ನೋಡಿದ.

"ಗ್ಲೆಂಡಾ, ನಾವಿಬ್ರೂ ಮದುವೆ ಮಾಡ್ಕೊಂಡ್ಬಿಟ್ರೆ ಹೇಗೆ?" ಎಂದ.

ನನ್ನ ಎದೆ ಡವಡವ ಹೊಡೆದುಕೊಂಡಿತು. ಕಣ್ಣು ಮಂಜಾಯಿತು, ಮೊಣಕಾಲಲ್ಲಿ ಬಲವೇ ಇರಲಿಲ್ಲ. ಈ ವಯಸ್ಸಿನಲ್ಲಿ ಇಷ್ಟೊಂದು ಪ್ರೀತಿ ಉಳಿದಿತ್ತೇ ನನ್ನೊಳಗೆ ಎಂದು ನನಗೇ ನಾಚಿಕೆಯಾಯಿತು. ಹೌದು ಅಂದೆ.

ಅವನ ಮುಖ ಬಿಳಿಚಿಕೊಂಡಿತು. ಹಣೆಗೆ ಕೈಹಚ್ಚಿ ಕುಳಿತ. ಪಾಪ, ಸಂತೋಷ ತಡೆಯಲಾಗುತ್ತಿಲ್ಲ ಎಂದುಕೊಂಡೆ. ಹೊರಟಾಗ ಎಂದಿನಂತೆ ನನ್ನ ಗೇಟಿನ ಕಂಬ ಹಿಡಿದು ಆಕಾಶ ನೋಡುತ್ತ ಬಹಳ ಹೊತ್ತು ನಿಂತ. ಪ್ರತಿ ಭಾನುವಾರವೂ ಹಾಗೇ ನಿಲ್ಲುತ್ತಿದ್ದ. ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ ಇವನಿಗೆ ಎಂದು ನಾನು ಪರದೆಯ ಸಂದಿಯಿಂದ ನೋಡಿ ಕರಗಿಹೋಗುತ್ತಿದ್ದೆ.

ಬುಧವಾರ ಡೆನೀಸ್ ಬಂದಳು. ಗ್ಯಾಸ್ ಕೆಲಸದವಳು, ಮೋಟು ಕೂದಲು, ದಪ್ಪ ಬೂಟು, ಬಾಯಿಗೆ ಬೀಗವಿಲ್ಲ. ಯಂತ್ರದ ಫ್ಯಾನು ಕಟಕಟ ಸದ್ದು ಮಾಡುತ್ತಿತ್ತೆಂದು ಕರೆಸಿದ್ದೆ. ಅವಳು ಯಂತ್ರ ಹಚ್ಚಿ, ಅಂಗೈಯಗಲದ ಒಂದು ಮೀಟರನ್ನು ಜಾಲರಿಯ ಹತ್ತಿರ ಹಿಡಿದಳು. ಮೀಟರ್ ನೋಡಿದಳು, ನನ್ನನ್ನು ನೋಡಿದಳು, ಹೇಳದೆ ಕೇಳದೆ ಕಿಟಕಿಗಳನ್ನೆಲ್ಲ ತೆರೆಯುತ್ತ ಹೋದಳು. ಗ್ಯಾಸ್ ಮುಚ್ಚಿ ಯಂತ್ರದ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದಳು. ಅಪಾಯ, ಮುಟ್ಟಬೇಡಿ ಎಂದಿತ್ತು.

ಒಳಗಿನ ತಗಡು ಬಿರುಕು ಬಿಟ್ಟಿದೆ, ಸುಟ್ಟ ಗ್ಯಾಸಿನ ವಿಷ ಚಿಮಣಿಗೆ ಹೋಗದೆ ಬಿಸಿಗಾಳಿಯ ಜೊತೆ ಮನೆಗೇ ಬರುತ್ತಿದೆ ಎಂದಳು. ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಇನ್ನಷ್ಟು ದಿನ ಹೀಗೇ ಬಿಟ್ಟಿದ್ದರೆ ಮಲಗಿದವಳು ಏಳುತ್ತಿರಲಿಲ್ಲವಂತೆ. ಮನೆಯಲ್ಲಿ ಈ ಗ್ಯಾಸ್ ಬಂದರೆ ಕೂಗುವ ಅಲಾರಂ ಇಲ್ಲವೇ ಎಂದಳು. ಇತ್ತು, ತಂಗಿ ಪೌಲೆಟ್ ತಂದುಕೊಟ್ಟಿದ್ದಳು, ಸುಮ್ಮಸುಮ್ಮನೆ ಕಿರುಚುತ್ತದೆಂದು ಬ್ಯಾಟರಿ ತೆಗೆದು ಟಿವಿ ರಿಮೋಟಿಗೆ ಹಾಕಿದ್ದೆ. ಡೆನೀಸ್ ಆ ರಿಮೋಟಿನಿಂದ ಬ್ಯಾಟರಿ ಕಿತ್ತು ನನ್ನ ಅಂಗೈಯಲ್ಲಿಟ್ಟಳು.

ಆಮೇಲೆ ಒಂದೊಂದಾಗಿ ಕೇಳಿದಳು. ತಲೆ ಸುತ್ತು ಬರುತ್ತಿತ್ತೇ? ಬರುತ್ತಿತ್ತು. ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತೇ? ಹೌದು. ಕಣ್ಣು ಮಂಜು? ಮೊಣಕಾಲು ನಡುಗುವುದು? ಒಂದೊಂದು ಹೌದು ಅನ್ನುವಾಗಲೂ ನನ್ನ ಕಣ್ಣೆದುರು ನೆವಿಲ್‌ನ ಮುಖ ಬರುತ್ತಿತ್ತು.

"ಅದೇ ಕಣ್ರೀ, ಗ್ಯಾಸು," ಎಂದಳು ಡೆನೀಸ್. "ನೀವೇನಂದ್ಕೊಂಡಿದ್ರಿ?"

ನನಗೆ ಗರ ಬಡಿದಂತಾಯಿತು. ಸಾಯುತ್ತಿದ್ದೆ ಎನ್ನುವುದು ತಲೆಗೆ ಇಳಿಯಲು ಸಮಯ ಹಿಡಿಯಿತು. ಅದಕ್ಕೂ ಮೊದಲೇ ಇನ್ನೊಂದು ಯೋಚನೆ ಬಂದು ಎದೆಗೆ ಒದ್ದಿತು. ಒಬ್ಬ ಒಳ್ಳೆಯ ಮನುಷ್ಯನಿಗೆ ನಾನು ಕೊಟ್ಟ ಮಾತು ವಿಷಗಾಳಿ ಆಡಿಸಿದ ಮಾತಾಗಿದ್ದರೆ?

ಅಂದೇ ಡಾಕ್ಟರ ಹತ್ತಿರ ಹೋಗಿ ರಕ್ತ ಕೊಟ್ಟು ಬಂದೆ. ಆ ಗಾಳಿ ಕುಡಿಯದಿದ್ದರೆ ತಾನಾಗಿ ಸರಿಹೋಗುತ್ತದೆ ಎಂದರು. ಯಂತ್ರ ಕಿತ್ತು ರೇಡಿಯೇಟರ್ ಹಾಕಲು ಡೆನೀಸ್ ಮರುದಿನವೇ ಬರುತ್ತೇನೆಂದಳು. ನೆವಿಲ್‌ಗೆ ಫೋನ್ ಮಾಡಿ ಬಿಸಿಗಾಳಿ ಕೆಟ್ಟಿದೆ ಎಂದಷ್ಟೇ ಹೇಳಿದೆ. ಉಳಿದದ್ದು ಹೇಳಲು ಬಾಯಿ ಬರಲಿಲ್ಲ.

ನಮ್ಮ ಈ ಮನೆಗಳಲ್ಲಿ ಬೆಳೆದವರಿಗೆ ಒಂದು ಅಭ್ಯಾಸವಿದೆ. ಕೊಳವೆಗಳಲ್ಲಿ ಗಾಳಿಯ ಜೊತೆ ಮಾತೂ ಹರಿಯುತ್ತದೆ. ಅಡುಗೆಮನೆಯಲ್ಲಿ ಆಡಿದ್ದು ಮಹಡಿಯ ಕೋಣೆಯಲ್ಲಿ ಕೇಳುತ್ತದೆ. ನಮ್ಮಮ್ಮ ಊಟಕ್ಕೆ ಕರೆಯುತ್ತಿದ್ದದ್ದೇ ಜಾಲರಿಗೆ ಬಗ್ಗಿ. ಹಾಗಾಗಿ ಗುಟ್ಟು ಹೇಳುವ ಮುಂಚೆ ಕಾಲ ಹೆಬ್ಬೆರಳಿನಿಂದ ಜಾಲರಿಯ ಹಿಡಿ ತಳ್ಳಿ ಮುಚ್ಚಳ ಹಾಕಿಬಿಡುತ್ತೇವೆ. ಯೋಚಿಸಿ ಮಾಡುವುದಲ್ಲ, ಕಾಲು ತಾನೇ ಮಾಡುತ್ತದೆ.

ಗುರುವಾರ ಬೆಳಿಗ್ಗೆ ಡೆನೀಸ್ ಹಜಾರದಲ್ಲಿ ಯಂತ್ರ ಕೀಳುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಹೆಬ್ಬೆರಳಿನಿಂದ ಹಿಡಿ ತಳ್ಳಿ, ಪೌಲೆಟ್‌ಗೆ ಫೋನ್ ಹಚ್ಚಿದೆ.

"ಅದು ಪ್ರೀತಿ ಅಲ್ವಂತೆ ಕಣೇ," ಎಂದೆ. "ಗ್ಯಾಸಂತೆ. ಅವನನ್ನ ನೋಡಿದ್ರೆ ಕಾಲು ನಡುಗ್ತಿದ್ದದ್ದು, ಎದೆ ಹೊಡ್ಕೊಳ್ತಿದ್ದದ್ದು, ಎಲ್ಲಾ ಆ ಹಾಳು ಯಂತ್ರದ್ದು. ಈಗ ನಾನೇನು ಮಾಡ್ಲಿ ಹೇಳು? ಹೌದು ಅಂದುಬಿಟ್ಟಿದೀನಿ."

ಪೌಲೆಟ್ ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ಸಾಯುತ್ತಿದ್ದೆಯಲ್ಲೇ ಎಂದು ಅತ್ತಳು, ಕೊನೆಗೆ ಅವನಿಗೆ ನಿಜ ಹೇಳು ಎಂದಳು.

ಫೋನಿಟ್ಟು ಹೊರಗೆ ಬಂದೆ. ಹಜಾರದಲ್ಲಿ ಒಂದು ಕರೆಂಟ್ ಹೀಟರ್ ಇತ್ತು, ವೈರನ್ನು ನೀಟಾಗಿ ಸುತ್ತಿಟ್ಟಿತ್ತು. ನೆವಿಲ್ ಸುತ್ತುವ ರೀತಿ ಅದು. ನೆವಿಲ್ ಇರಲಿಲ್ಲ. ಬೀರುವಿನಲ್ಲಿ ಯಂತ್ರವೂ ಇರಲಿಲ್ಲ, ಅದರ ಜಾಗದಲ್ಲಿ ಕೊಳವೆಗಳ ಬಾಯಿಗಳು ಹಜಾರಕ್ಕೆ ತೆರೆದುಕೊಂಡಿದ್ದವು. ಡೆನೀಸ್ ಕೈಯಲ್ಲಿ ಸ್ಪ್ಯಾನರ್ ಹಿಡಿದು ಬೂಟು ನೋಡಿಕೊಳ್ಳುತ್ತಿದ್ದಳು.

ಅಡುಗೆಮನೆಯ ಜಾಲರಿಯ ಮುಚ್ಚಳವನ್ನು ಅವಳು ಬೆಳಿಗ್ಗೆಯೇ ಬಿಚ್ಚಿ ತೆಗೆದಿದ್ದಳಂತೆ. ನನ್ನ ಹೆಬ್ಬೆರಳು ತಳ್ಳಿದ್ದು ಬರೀ ಹಿಡಿಯನ್ನು. ನಾನು ಚಳಿಯಲ್ಲಿರುತ್ತೇನೆಂದು ಅವನು ಹೀಟರ್ ತಂದಿದ್ದ, ಡೆನೀಸ್ ಬಾಗಿಲು ತೆರೆದಿದ್ದಳು, ಇಬ್ಬರೂ ಅಲ್ಲೇ ನಿಂತು ನನ್ನ ಮಾತು ಪೂರಾ ಕೇಳಿಸಿಕೊಂಡಿದ್ದರು. ಕಿವಿ ಮುಚ್ಚಿಕೊಳ್ಳೋಕೆ ನನ್ನ ಕೈ ಖಾಲಿ ಇರ್ಲಿಲ್ಲ ಎಂದಳು ಡೆನೀಸ್.

ಅವನು ಫೋನ್ ಎತ್ತಲಿಲ್ಲ. ಕ್ಲಬ್ಬಿಗೆ ಹೋದೆ, ದೂರದಲ್ಲಿ ರೋಲರ್ ತಳ್ಳುತ್ತಿದ್ದ ಬೆನ್ನು ಕಂಡಿತು. ಬೇಲಿಯವರೆಗೆ ಹೋಗಿ ಹಿಂದಿರುಗಿದೆ. ಹೋಗಿ ಏನು ಹೇಳಲಿ? ನಿಜವೇನೆಂದು ನನಗೇ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎದ್ದಾಗ ನನ್ನ ತಲೆ ತಿಂಗಳುಗಳ ನಂತರ ಹಗುರಾಗಿತ್ತು. ಟೋಸ್ಟಿಗೆ ರುಚಿ ಬಂದಿತ್ತು. ಭಯದಿಂದಲೇ ಕ್ಲಬ್ಬಿನ ಕ್ರಿಸ್ಮಸ್ ಊಟದ ಫೋಟೋ ತೆಗೆದು ನೋಡಿದೆ. ಕಾಗದದ ಕಿರೀಟ ಹಾಕಿಕೊಂಡು ನೆವಿಲ್ ನಗುತ್ತಿದ್ದ. ನನ್ನ ಎದೆ ಗಡಿಯಾರದಂತೆ ನೆಟ್ಟಗೆ ಹೊಡೆದುಕೊಳ್ಳುತ್ತಿತ್ತು. ಮೊಣಕಾಲು ಗಟ್ಟಿಯಾಗಿ ನಿಂತಿತ್ತು. ಏನೂ ಆಗಲಿಲ್ಲ. ಆಗಲಿಲ್ಲವಲ್ಲ ಎಂದು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಕನ್ನಡಕ ಹಾಕಿಕೊಂಡು ನೋಡಿದೆ. ಹಾಗಿದ್ದರೆ ನನ್ನದು ಅನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲವೇ ಎಂದು ಅಳು ಬಂತು.

ಅಂದು ಮಧ್ಯಾಹ್ನದ ಹೊತ್ತಿಗೆ ರೇಡಿಯೇಟರುಗಳು ಗೋಡೆಗೆ ಬಂದಿದ್ದವು. ಹಳೆಯ ಕೊಳವೆಗಳಿಗೆ ಹತ್ತಿಯಂಥದ್ದೇನೋ ತುರುಕಿ ಮುಚ್ಚುವುದಷ್ಟೇ ಉಳಿದಿತ್ತು. ಧೂಳು ಹೋಗಲೆಂದು ಕಿಟಕಿಗಳೆಲ್ಲ ತೆರೆದಿದ್ದವು. ನಾನು ಮಹಡಿಯ ಕೋಣೆಯಲ್ಲಿ ಕೋಟು ಹಾಕಿಕೊಂಡೇ ಹೊದಿಕೆಗಳನ್ನು ಕೊಡವುತ್ತಿದ್ದೆ. ಆ ಕೋಣೆಯ ಜಾಲರಿಯನ್ನು ಡೆನೀಸ್ ಇನ್ನೂ ಮುಟ್ಟಿರಲಿಲ್ಲ. ಅದರಿಂದ ನನ್ನ ಹೆಸರು ಬಂತು.

"ಗ್ಲೆಂಡಾ, ನಾನು ನೆವಿಲ್. ಕೆಳಗೆ ಬೀರುವಿನ ಹತ್ರ ಇದೀನಿ. ಕೇಳೋಕೆ ಇಷ್ಟ ಇಲ್ದಿದ್ರೆ ಹೆಬ್ಬೆರಳಲ್ಲಿ ಮುಚ್ಚಿಬಿಡು, ಬೇಜಾರಿಲ್ಲ."

ನನ್ನ ಕಾಲು ಅಭ್ಯಾಸದಿಂದ ಹಿಡಿಯ ಮೇಲೆ ಹೋಗಿತ್ತು. ನಾನು ಅದನ್ನು ಹಿಂದಕ್ಕೆ ಎಳೆದುಕೊಂಡು ನೆಲದ ಮೇಲೆ ಕುಳಿತೆ.

ಸ್ವಲ್ಪ ಹೊತ್ತು ಕಾದು ಅವನು ಮುಂದುವರಿಸಿದ. ಮೊದಲು ಕೆಮ್ಮಿದ, ಹವೆಯ ಬಗ್ಗೆ ಒಂದು ಮಾತಾಡಿದ. ಆಮೇಲೆ ಹೇಳಿದ.

"ನೀನು ಅಂದ ಹೌದು ನಿಂಗೇ ವಾಪಸ್ಸು. ಅದರ ಋಣ ಬೇಡ. ಆದ್ರೆ ನಂದೂ ಗ್ಯಾಸೇ ಅಂತ ನೀನು ಅಂದ್ಕೋಬಾರ್ದು, ಅದಕ್ಕೇ ಬಂದೆ. ನನ್ನ ಮನೇಲಿ ಆ ಯಂತ್ರ ತೆಗೆಸಿ ಎಷ್ಟೋ ವರ್ಷ ಆಯ್ತು. ಇಲ್ಲಿಗೆ ಬಂದ್ರೆ ಮಾತ್ರ ನಂಗೆ ತಲೆ ಸಿಡಿದುಹೋಗೋದು. ಪ್ರತಿ ಭಾನುವಾರ. ನಿನ್ನ ಶುಂಠಿ ಕೇಕ್ ನಂಗಾಗಲ್ಲ ಅಂತ ತಿಳ್ಕೊಂಡಿದ್ದೆ. ಮನೇಲೇ ಮಾತ್ರೆ ನುಂಗ್ಕೊಂಡು ಬರ್ತಿದ್ದೆ. ಹೋಗುವಾಗ ಆಕಾಶ ತಿರುಗೋದು ನಿಲ್ಲೋವರೆಗೂ ನಿನ್ನ ಗೇಟಿನ ಕಂಬ ಹಿಡ್ಕೊಂಡು ನಿಂತಿರ್ತಿದ್ದೆ."

ನಾನು ಬಾಯಿಯ ಮೇಲೆ ಕೈಯಿಟ್ಟುಕೊಂಡೆ. ಆ ಕಂಬ. ಪರದೆಯ ಸಂದಿಯಿಂದ ನಾನು ನೋಡಿ ನೋಡಿ ಕರಗಿದ ಆ ನಿಲುವು.

"ಸೋಮವಾರದಿಂದ ಶನಿವಾರದವರೆಗೂ ನಾನು ಬಯಲಲ್ಲಿರ್ತೀನಿ ಗ್ಲೆಂಡಾ. ಅಲ್ಲಿ ಒಳ್ಳೇ ಗಾಳಿ. ತಲೆ ಚೆನ್ನಾಗೇ ಇರುತ್ತೆ. ಅಲ್ಲೇ ನಂಗೆ ನಿನ್ನ ನೆನಪು ಜಾಸ್ತಿ. ಅಷ್ಟೇ. ಹೀಟರ್ ಇಟ್ಕೋ, ಬೇಕಾಗುತ್ತೆ."

ನನಗೆ ಆದ ಆಘಾತದ ಮುಂದೆ ಬುಧವಾರದ್ದು ಏನೇನೂ ಅಲ್ಲ. ನಾನು ಈ ಮನುಷ್ಯನನ್ನು ವಾರವಾರವೂ ಕೂರಿಸಿ, ಕಿಟಕಿ ಮುಚ್ಚಿ, ವಿಷ ಕುಡಿಸಿದ್ದೆ. ಅವನು ತಲೆನೋವಿನ ಮಾತ್ರೆ ನುಂಗಿ, ಶರ್ಟ್ ಇಸ್ತ್ರಿ ಮಾಡಿಕೊಂಡು, ಮತ್ತೆ ಬಂದು ಬಾಗಿಲು ತಟ್ಟಿದ್ದ. ನನ್ನ ಕೇಕನ್ನು ಅನುಮಾನಿಸುತ್ತಲೇ ಒಂದು ತುಂಡು ತಿಂದಿದ್ದ. ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ಕೋಪ, ಅಳು, ನಗು ಮೂರೂ ಒಟ್ಟಿಗೆ ಬಂದವು.

ಕೆಳಗೆ ಮುಂಬಾಗಿಲ ಚಿಲಕ ತೆಗೆದ ಸದ್ದಾಯಿತು. ನಾನು ಜಾಲರಿಗೆ ಬಗ್ಗಿ, ಅಮ್ಮ ಊಟಕ್ಕೆ ಕರೆಯುತ್ತಿದ್ದ ದನಿಯಲ್ಲಿ ಕೂಗಿದೆ.

"ನೆವಿಲ್, ಅಲ್ಲೇ ನಿಂತ್ಕೋ."

ಮೆಟ್ಟಿಲು ಇಳಿದು ಬಂದೆ. ಬಾಗಿಲು ಅರ್ಧ ತೆರೆದಿತ್ತು. ನೆವಿಲ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಬೀರುವಿನೊಳಗೆ ತಲೆ ಹಾಕಿದ್ದರಿಂದ ಕೂದಲ ಮೇಲೆ, ಹುಬ್ಬಿನ ಮೇಲೆ ಅರ್ಧ ಶತಮಾನದ ಧೂಳು. ಅವನು ನನ್ನನ್ನು ನೋಡಿದ, ಟೋಪಿಯನ್ನು ನೋಡಿದ, ಈ ಸಲ ಬೇರೆಲ್ಲೂ ನೋಡಲು ಏನೂ ಇಲ್ಲವೆಂದು ಗೊತ್ತಾದವನಂತೆ ಮತ್ತೆ ನನ್ನನ್ನೇ ನೋಡಿದ. ಆ ಕಣ್ಣುಗಳ ಬಣ್ಣ ಬೂದು. ಬಿಸಿಗಾಳಿಯ ಮಂಜಿನಲ್ಲಿ ನಾನು ಇಷ್ಟು ದಿನ ನೀಲಿ ಎಂದುಕೊಂಡಿದ್ದೆ.

ಎದೆ ಡವಡವ ಹೊಡೆದುಕೊಳ್ಳತೊಡಗಿತು.

"ಡೆನೀಸ್, ನಿನ್ನ ಮೀಟರ್ ತಗೋ," ಎಂದೆ.

ಡೆನೀಸ್ ನನ್ನ ಮುಖ ನೋಡಿ, ಏನೂ ಕೇಳದೆ ಮೀಟರ್ ಎತ್ತಿ ಹಿಡಿದಳು.

"ಸೊನ್ನೆ," ಎಂದಳು.

"ಸರಿಯಾಗಿ ನೋಡು. ನಂಗೆ ಮೊಣಕಾಲು ನಡುಗ್ತಿದೆ."

ಅವಳು ಮೀಟರನ್ನು ನನ್ನ ಮೂಗಿನ ಹತ್ತಿರ ತಂದಳು, ನೆವಿಲ್‌ನ ಮೂಗಿನ ಹತ್ತಿರ ಒಯ್ದಳು, ನಮ್ಮಿಬ್ಬರ ನಡುವೆ ಹಿಡಿದಳು. ತೆರೆದ ಬಾಗಿಲಿನಿಂದ ಚಳಿಗಾಳಿ ನುಗ್ಗುತ್ತಿತ್ತು.

"ಸೊನ್ನೆ ಕಣ್ರೀ. ನನ್ನಾಣೆ."

"ಹಾಗಾದ್ರೆ ಹೌದು ನೆವಿಲ್," ಎಂದೆ.

ಅವನ ಮುಖ ಬಿಳಿಚಿಕೊಂಡಿತು. ಕೈ ಚಾಚಿ, ಗೇಟಿನ ಕಂಬ ಹಿಡಿಯುತ್ತಿದ್ದ ಹಾಗೆಯೇ, ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.