ಸಮಧಾರೆಯೂ ಹಿತ್ತಾಳೆಯ ಉಂಗುರವೂ

ಗಾಜಿನ ನಾಲ್ಕು ಅಳತೆಗೊಳವೆಗಳಲ್ಲಿ ಇಂಧನ ಒಂದೇ ಸಮನೆ ಏರುತ್ತಿತ್ತು. ಡಾ. ನೀಲಾಂಬಿಕಾ ತುಬಚಿ ಒತ್ತಡದ ತಿರುಪನ್ನು ಬೇಕೆಂದೇ ಹಿಂದೆ ಮುಂದೆ ತಿರುಗಿಸಿದರು. ಎದುರಿನ ಮಾಪಕದ ಮುಳ್ಳು ಹುಚ್ಚೆದ್ದು ಕುಣಿಯಿತು. ಕೊಳವೆಗಳಲ್ಲಿ ಇಂಧನ ಏರುವ ವೇಗ ಮಾತ್ರ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗಲಿಲ್ಲ. ಅದು ಅವರು ಹನ್ನೊಂದು ವರ್ಷ ದುಡಿದು ಕಂಡುಹಿಡಿದ ಯಂತ್ರ, ‘ಸಮಧಾರೆ’. 2057ರ ಆ ಹೊತ್ತಿಗೆ ಬೆಳಗಾವಿಯ ರೇಸ್ ಕಾರುಗಳೆಲ್ಲ ಕಬ್ಬಿನ ಎಥನಾಲ್ ಕುಡಿದೇ ಓಡುತ್ತಿದ್ದವು. ಎಥನಾಲ್ ಎಂದರೆ ಪೆಟ್ರೋಲಿಗಿಂತ ಧಾರಾಳವಾಗಿ ಸುರಿಯಬೇಕಾದ ಇಂಧನ.

“ಇಂಧನ ಚಿಮ್ಮೋ ಇಂಜೆಕ್ಟರಿಂದು ಒಂದು ಹಠ ಐತಿ, ಕಾಳಪ್ಪಣ್ಣ,” ಎಂದರು ಅವರು. “ಧಾರಿ ಎರಡು ಪಟ್ಟು ಬೇಕಂದ್ರ ಒತ್ತಡ ನಾಲ್ಕು ಪಟ್ಟು ಕೊಡಬೇಕು. ಮ್ಯಾಲೆ ಟರ್ಬೊ ಎಂಜಿನ್ನಿಗೆ ತುಂಬೋ ಗಾಳಿ ಎದುರಿಂದ ನೂಕತೈತಿ, ಧಾರಿ ಸೊರಗತೈತಿ. ಇದು ಎರಡೂ ಕಡೆ ಒತ್ತಡ ನೋಡಿ, ಹೊಗಿ ಮೂಸಿ, ತಾನ ಸರಿ ಮಾಡ್ಕೊಂತೈತಿ.”

“ಎದುರಿನ ಗಾಳಿ ಎಷ್ಟೈತಿ ಅಂತ ಇದಕ್ಕ ಯಾರು ಹೇಳ್ತಾರ್ರೀ?”

“ನಿಮ್ಮ ಹಳೇ ಸಣ್ಣ ಕೊಳವಿ. ಅದನ್ನ ಬಿಟ್ಟಿಲ್ಲ ನಾನು.”

ಕಾಳಪ್ಪ ಕಮ್ಮಾರ ನಕ್ಕ. ಮೂವತ್ತೆಂಟು ವರ್ಷದಿಂದ ಎಂಜಿನ್ ಹದ ಮಾಡುತ್ತಿದ್ದವನಿಗೆ ಆ ಕೊಳವೆ ಕರುಳುಬಳ್ಳಿಯಿದ್ದಂತೆ. ಪ್ರತಿ ರೇಸಿಗೆ ಮುಂಚೆ ಅದನ್ನು ಬಿಚ್ಚಿ, ಅದರ ಬಾಯಿಗೆ ರಬ್ಬರ್ ಬಿರಡೆ ತುರುಕಿ, ಇಂಧನದ ಮೂಲ ಒತ್ತಡವನ್ನು ತನ್ನ ಕಣ್ಣಿಂದಲೇ ಓದುತ್ತಿದ್ದ. ಕೊಳವೆಯನ್ನು ಬಿಗಿಯುವ ಹಿತ್ತಾಳೆಯ ಉಂಗುರ ಅಷ್ಟು ಹೊತ್ತೂ ಅವನ ಹಲ್ಲಿನಲ್ಲಿ. ಕೊಳವೆ ಮರಳಿ ಕೂಡುವತನಕ ಮಾತಿಲ್ಲ, ಚಹಾ ಇಲ್ಲ. “ಅಪ್ಪ ಮೂಕ ಆಗ್ಯಾನ, ಗಾಡಿ ಮುಟ್ಟಬ್ಯಾಡ್ರಿ,” ಎಂದು ಮಗಳು ಭಾಗೀರಥಿ ಎಲ್ಲರನ್ನೂ ಗದರಿಸುತ್ತಿದ್ದಳು. ಆ ಕಾರು ಓಡಿಸುವವಳು ಅವಳೇ.

ಸಮಧಾರೆ ಹಾಕಿದ ಮೊದಲ ರೇಸಿನ ಬೆಳಿಗ್ಗೆ ನೀಲಾಂಬಿಕಾ, “ಇನ್ನ ನೀವು ಏನೂ ಬಿಚ್ಚೋದು ಬ್ಯಾಡ,” ಎಂದಿದ್ದರು.

“ನಾ ನೋಡದ ಗಾಡಿ ನನ್ನ ಮಗಳು ಹತ್ತಂಗಿಲ್ಲರಿ.”

ಅವನು ಬಿಚ್ಚಿದ, ಓದಿದ. ಒತ್ತಡ ಸರಿಯಾಗಿತ್ತು. ಅಷ್ಟರಲ್ಲಿ ಅತಿಥಿಗಳ ಹಿಂಡು ಕಟ್ಟಿಕೊಂಡು ನೀಲಾಂಬಿಕಾ ಬಂದರು. ಹೆಮ್ಮೆಯ ಗಳಿಗೆ; ಅವರಿಗೂ ತಡೆಯಲಾಗಲಿಲ್ಲ. “ಎಲ್ಲಾರ ಮುಂದ ಹೇಳ್ರಿ ಕಾಳಪ್ಪಣ್ಣ, ಈಗರೆ ನನ್ನ ಯಂತ್ರದ ಮ್ಯಾಲೆ ನಂಬಿಗಿ ಬಂತೋ ಇಲ್ಲೋ?”

ದೊಡ್ಡವರ ಮುಂದೆ ಸುಮ್ಮನೆ ನಿಂತರೆ ಹೇಗೆ? ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಕಾಳಪ್ಪ ಉಂಗುರವನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿದ.

“ಬಂತ್ರಿ,” ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜನ ಚಪ್ಪಾಳೆ ತಟ್ಟಿ ಅವನನ್ನು ಸುತ್ತುವರಿದರು. ಅಪ್ಪ ಮಾತಾಡಿದ್ದನ್ನು ಕೇಳಿ ಗಾಡಿ ಸಿದ್ಧವಾಯಿತೆಂದುಕೊಂಡ ಭಾಗೀರಥಿ ಬಾನೆಟ್ ಮುಚ್ಚಿ ಹತ್ತಿ ಕೂತಳು. ಎಂಜಿನ್ ಬೆಕ್ಕಿನ ಮರಿಯಂತೆ ಗುರುಗುಟ್ಟಿತು. ಸಮಧಾರೆಯ ಹಸಿರು ದೀಪ ಹತ್ತಿತು.

ಮೂರನೆಯ ಸುತ್ತಿನ ನೇರ ದಾರಿಯಲ್ಲಿ ಅವಳು ಪೂರ್ತಿ ವೇಗ ಹಿಡಿದಳು. ಟರ್ಬೊ ಗಾಳಿ ಮೈತುಂಬಿ ಬಂತು. ಅದರ ಸುದ್ದಿ ಹೇಳಬೇಕಾದ ಕೊಳವೆ ಬಾಯಿ ಮುಚ್ಚಿಕೊಂಡು ನೇತಾಡುತ್ತಿತ್ತು; ಹೊಗೆ ಮೂಸಿ ಒತ್ತಡ ಏರಿಸಲು ಸಮಧಾರೆಗೆ ಹೊತ್ತು ಸಾಲಲಿಲ್ಲ. ಇಂಧನ ಸಾಲದ ಎಂಜಿನ್ ಕುಲುಮೆಯಷ್ಟು ಕಾಯುತ್ತದೆ. ಪಿಸ್ಟನ್ ಕರಗಿ ಒಡೆಯಿತು, ಇಂಧನದ ನಳ ಸೀಳಿ ಬೆಂಕಿ ಹತ್ತಿತು. ಹಗಲಿನಲ್ಲಿ ಎಥನಾಲಿನ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕಾರು ಸುಮ್ಮನೆ ನಿಂತಿದೆ ಎಂದೇ ಜನ ತಿಳಿದರು. ಜೇಬಿಗೆ ಕೈಹಾಕಿದ ಕಾಳಪ್ಪನ ಬೆರಳಿಗೆ ಉಂಗುರ ಸಿಕ್ಕಿತು. ಅವನೊಬ್ಬನೇ ಓಡಿದ. ಭಾಗೀರಥಿ ಉಳಿಯಲಿಲ್ಲ.

ಎರಡು ತಿಂಗಳಾದ ಮೇಲೆ ನೀಲಾಂಬಿಕಾ ಅವನ ಗ್ಯಾರೇಜಿಗೆ ಬಂದರು. ಕೈಯಲ್ಲಿ ಯಂತ್ರದ ದಾಖಲೆಯಿತ್ತು.

“ಕೊಳವಿ ಬಿಚ್ಚಿದ್ರ ಹಳೇ ಗಾಡಿ ನಿಂತಲ್ಲೇ ಇಂಧನ ಹೆಚ್ಚಾಗಿ ಘಾಟು ಹೊಗಿ ಉಗುಳಿ ಕೆಮ್ಮತಿತ್ತು. ನೀವು ಕೇಳಿ ಓಡಿ ಬರ್ತಿದ್ರಿ. ನನ್ನ ಸಮಧಾರಿ ಆ ಹೊಗಿ ಮೂಸಿ, ಇಂಧನ ಹೆಚ್ಚಾತು ಅಂತ ಒತ್ತಡ ಇಳಿಸಿ, ಕೆಮ್ಮು ನಿಲ್ಲಿಸೇತಿ. ಹಸಿರು ದೀಪ ಹಚ್ಚೇತಿ. ಅಳೋ ಕೂಸಿನ ಬಾಯಿ ಮುಚ್ಚಿದೆ ನಾನು, ಕಾಳಪ್ಪಣ್ಣ.”

ಅವನು ತಲೆ ತಗ್ಗಿಸಿ ತೊಡೆಯ ಮೇಲಿನದೇನನ್ನೋ ಒರೆಸುತ್ತಿದ್ದ.

“ವಿಚಾರಣೆಯವರು ಯಂತ್ರದ ತಪ್ಪಿಲ್ಲ ಅಂದಾರ. ಇನ್ನ ಮುಂದ ಬಾನೆಟ್ಟಿಗೇ ಮೊಹರು ಹಾಕ್ತಾರಂತ, ಯಾರೂ ಕೈ ಹಾಕಬಾರದು ಅಂತ. ನಾ ಎಷ್ಟು ಹೇಳಿದರೂ ಕೇಳವಲ್ಲರು. ಊರ ಮಂದಿ ಕಾರಿಗೂ ಸಮಧಾರಿ ಹಾಕಿ ಮೊಹರು ಒತ್ತಾಕ ಹತ್ಯಾರ.”

ಹೊರಗಿನ ರಸ್ತೆಯಲ್ಲಿ ಕಾರುಗಳು ಸಾಲಾಗಿ, ಸದ್ದಿಲ್ಲದೆ ಹೋಗುತ್ತಿದ್ದವು. ಒಂದೂ ಕೆಮ್ಮುತ್ತಿರಲಿಲ್ಲ. ಯಾವುದರ ಹೊಟ್ಟೆಯಲ್ಲಿ ಯಾವ ತಪ್ಪು ಬೆಳೆಯುತ್ತಿದೆಯೋ, ಮಾಡಿದವರಿಗೂ ಗೊತ್ತಿಲ್ಲ, ಓಡಿಸುವವರಿಗೂ ಗೊತ್ತಿಲ್ಲ. ಇದು ಮುಂದೆಂದೋ ನಡೆಯುವ ಕತೆ ನಿಜ; ಆದರೆ ಕೆಮ್ಮುವ ಯಂತ್ರವನ್ನು ಕಂಡರೆ ರೇಗುವ, ಹಸಿರು ದೀಪ ಕಂಡರೆ ನೆಮ್ಮದಿಯಾಗಿ ಬೆನ್ನು ತಿರುಗಿಸುವ ಚಾಳಿ ನಮಗೆ ಆಗಲೇ ಹತ್ತಿದೆ.

“ಏನರೆ ಮಾತಾಡ್ರಿ. ಬೈಯರಿ ನನ್ನ,” ಎಂದರು ನೀಲಾಂಬಿಕಾ, ಅಳುತ್ತ.

ಕಾಳಪ್ಪ ಕಣ್ಣೆತ್ತಿ ನೋಡಿದ. ತುಟಿಗಳ ನಡುವೆ ಹಿತ್ತಾಳೆಯ ಉಂಗುರವಿತ್ತು. ಸುಟ್ಟ ಕಾರಿನಿಂದ ಬಿಚ್ಚಿ ತಂದ ಕೊಳವೆಯ ತುಂಡು ಅವನ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ಮರಳಿ ಕೂಡಿಸಲು ಎಂಜಿನ್ ಇರಲಿಲ್ಲ.